ಬರೆಯದೆ ಬಿಟ್ಟ ಏಳು ಸೊನ್ನೆಗಳು

ಅಮೆರಿಕದ ಅಯೋವಾದ ನಮ್ಮ ಊರಿನಲ್ಲಿ ರಸ್ತೆ ಬದಿಯ ತಗ್ಗಿನಲ್ಲಿ ಏನು ಬೆಳೆದರೂ ಅದು ಕಳೆ. ಅದರಲ್ಲೂ ಹಾಲುಗಿಡ ಕಂಡರೆ ನಮಗಾಗದು. ಚಿಕ್ಕಂದಿನಲ್ಲಿ ಬೇಸಿಗೆಯಿಡೀ ಸೋಯಾ ಸಾಲುಗಳಲ್ಲಿ ನಡೆದು ಅದನ್ನು ಕಿತ್ತು ಎಸೆದವರೇ ನಾವೆಲ್ಲ. ಮೊನಾರ್ಕ್ ಚಿಟ್ಟೆಯ ಮರಿಹುಳು ಅದೊಂದನ್ನೇ ತಿನ್ನುತ್ತದೆ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾವು ಕೇಳುವ ಪೈಕಿಯಲ್ಲ.

ಪಕ್ಕದ ಮನೆಯ ಲವಾನ್, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ನನ್ನನ್ನು ಚಿಟ್ಟೆ ಹುಡುಕುವ ಸ್ವಯಂಸೇವಕರ ಗುಂಪಿಗೆ ಸೇರಿಸಿದಳು. ವಾರಕ್ಕೊಮ್ಮೆ ನಮ್ಮ ತಗ್ಗಿನ ಐವತ್ತು ಹಾಲುಗಿಡಗಳ ಎಲೆ ಮಗುಚಿ ನೋಡಬೇಕು. ಮೊಟ್ಟೆ ಎಷ್ಟು, ಹುಳು ಎಷ್ಟು ಎಂದು ಹಾಳೆಯಲ್ಲಿ ಬರೆದು ರಸ್ತೆ ಕಚೇರಿಗೆ ಕಳಿಸಬೇಕು. ಜೀವಮಾನವಿಡೀ ಕಿತ್ತ ಕಳೆಗೆ ಈಗ ಇವಳ ಆರೈಕೆ ಎಂದು ನನ್ನ ಗಂಡ ಮರ್ಲಿನ್ ಊರೆಲ್ಲ ಹೇಳಿಕೊಂಡು ನಕ್ಕ.

ಹನ್ನೊಂದು ವಾರ ನೋಡಿದೆ. ನಾಲ್ಕು ವಾರ ಮೊಟ್ಟೆ ಸಿಕ್ಕವು, ಬರೆದು ಕಳಿಸಿದೆ. ಏಳು ವಾರ ಏನೂ ಇರಲಿಲ್ಲ. ನಮ್ಮ ಕಡೆ ಒಳ್ಳೆಯ ಸುದ್ದಿ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ. ಸೊಂಟ ಮುರಿದಿದ್ದರೂ, ಹೇಗಿದ್ದೀಯ ಎಂದರೆ ಪರವಾಗಿಲ್ಲ ಅನ್ನುವ ಜನ ನಾವು. ಬರಿಗೈಯಲ್ಲಿ ಬಂದೆ ಎನ್ನಲು ನಾಚಿಕೆಯಾಗಿ ಆ ಏಳು ಹಾಳೆಗಳನ್ನು ಖಾಲಿ ಬಿಟ್ಟೆ, ಕಳಿಸಲೇ ಇಲ್ಲ.

ಚಳಿಗಾಲದಲ್ಲಿ ರಸ್ತೆ ಕಚೇರಿಯವರು ಎಲ್ಲರ ಹಾಳೆ ನೋಡಿ ಪಟ್ಟಿ ಮಾಡಿದರು. ಚಿಟ್ಟೆ ಕಡಿಮೆಯಾದ ಕಡೆ ಕಳೆನಾಶಕ ಹೊಡೆಯುವುದಿಲ್ಲ, ಹೊಸ ಬೀಜ ಹಾಕುತ್ತಾರೆ. ನಮ್ಮ ತಗ್ಗು ಪಟ್ಟಿಯಲ್ಲಿ ಇರಲಿಲ್ಲ. ನಾನು ಕಳಿಸಿದ ಪ್ರತಿ ಹಾಳೆಯಲ್ಲೂ ಮೊಟ್ಟೆ ಇದ್ದವಲ್ಲ, ಇಲ್ಲಿ ಚಿಟ್ಟೆಗೇನು ಕೊರತೆ ಎಂದುಕೊಂಡರು. ಜೂನ್‌ನಲ್ಲಿ ಕಳೆನಾಶಕದ ಲಾರಿ ಬಂತು. ಹಿಂದಿನ ದಿನ ತಾನೇ ಒಂದು ಗಿಡದಲ್ಲಿ ಆರು ಹುಳು ಎಣಿಸಿದ್ದೆ. ವಾರದೊಳಗೆ ಐವತ್ತು ಗಿಡವೂ ಕರಟಿದವು.

ಲವಾನ್ ಬಂದು ನನ್ನ ಹಳೆಯ ಹಾಳೆಗಳನ್ನು ತಿರುವಿ ನೋಡಿದಳು.

"ಖಾಲಿ ಬಿಟ್ರೆ ನೀನು ನೋಡ್ಲೇ ಇಲ್ಲ ಅಂತಾಯ್ತು ಕಣೆ ಇರ್ಮಾ. ಸೊನ್ನೆ ಬರ್ದಿದ್ರೆ, ನೋಡ್ದೆ, ಇರ್ಲಿಲ್ಲ ಅಂತಾಗ್ತಿತ್ತು. ಈ ಏಳು ಸೊನ್ನೆ ಅವ್ರಿಗೆ ಸಿಕ್ಕಿದ್ರೆ ಲಾರಿ ಬರ್ತಿರ್ಲಿಲ್ಲ."

ಮರ್ಲಿನ್ ಒಪ್ಪಲಿಲ್ಲ. "ಏನೂ ಇಲ್ಲ ಅಂತ ಹೇಳೋಕೂ ಒಂದು ಹಾಳೆ ಬೇಕೇನಮ್ಮ?"

ಲವಾನ್ ಅವನ ಕಡೆ ತಿರುಗಿದಳು. "ದಿನಾ ಬೆಳಿಗ್ಗೆ ಮಳೆ ಅಳೆದು ಬರ್ಕೋತೀಯಲ್ಲ, ಮಳೆ ಬಂದ ದಿನ ಮಾತ್ರ ಬರೀತೀಯಾ? ಒಣಗಿದ ದಿನ ಬಿಟ್ಬಿಟ್ರೆ ಬರ ಬಂದಿದ್ದು ಯಾರಿಗಪ್ಪ ಗೊತ್ತಾಗುತ್ತೆ?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಲವಾನ್ ನನ್ನನ್ನು ನಾಲ್ಕು ಮಾತು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನನ್ನನ್ನು ನಾನೇ ಬೈದುಕೊಂಡೆ.

ಈಗ ವಾರವಾರವೂ ನಾವು ಗಂಡ ಹೆಂಡತಿ ಇಬ್ಬರೂ ಹೋಗುತ್ತೇವೆ. ಒಣಗಿದ ಕಡ್ಡಿಗಳ ನಡುವೆ ನಡೆಯುತ್ತೇವೆ. ಮೊಟ್ಟೆ ಸೊನ್ನೆ, ಹುಳು ಸೊನ್ನೆ ಎಂದು ಮರ್ಲಿನ್ನೇ ಬರೆಯುತ್ತಾನೆ.

ಚಿಟ್ಟೆ ಹುಡುಕಲು ಹೊರಟ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಏನೂ ಸಿಗದ ವಾರದ ಹಾಳೆಯನ್ನೂ ಕಳಿಸಿ. ನನ್ನ ಹಾಗೆ ನಾಚಿ ಸುಮ್ಮನಿದ್ದರೆ ನಿಮ್ಮ ತಗ್ಗಿಗೂ ಲಾರಿ ಬರುತ್ತದೆ. ಆಮೇಲೆ ಬರೆಯಲು ಸೊನ್ನೆ ಬಿಟ್ಟು ಬೇರೇನೂ ಉಳಿಯುವುದಿಲ್ಲ.