ಮೂಸ್‌ನ ಪರವಾಗಿ ಒಂದು ಪತ್ರ

ಮೂಸ್‌ನ ಉಗುರು ಮರದ ಮೆಟ್ಟಿಲ ಮೇಲೆ ಟಕ್ ಟಕ್ ಎನ್ನುತ್ತಿದೆ, ಕಟ್ಟಡದ ಆರೂ ಮನೆಗಳಿಗೆ ಕೇಳಿಸುತ್ತದೆ, ಕೇಳಲಿ, ಬಚ್ಚಿಟ್ಟು ಸಾಕುವವಳಲ್ಲ ನಾನು, ಕೈಯಲ್ಲಿ ಡಾಕ್ಟರ ಪತ್ರವಿದೆ — ವರ್ನಾ ಸ್ಕೋಗ್ಲಂಡ್ ಅವರ ಆರೋಗ್ಯಕ್ಕೆ ಈ ನಾಯಿ ಜೊತೆಗಿರುವುದು ಅಗತ್ಯ — ಒಂದೇ ಸಾಲು, ಅದನ್ನು ಬರೆಸಿಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು, ಡುಲೂತ್ ಊರಿನ ಆ ಇಳಿಜಾರು, ರಸ್ತೆಯೆಲ್ಲ ಮಂಜುಗಡ್ಡೆ, ನಾನು ಓಡಿಸುತ್ತಿದ್ದ ಬಸ್ಸು ಬ್ರೇಕ್ ಹಿಡಿಯದೆ ಅಡ್ಡಡ್ಡ ಜಾರುತ್ತ ಸರೋವರದ ಕಡೆಗೆ, ಹಿಂದೆ ಹನ್ನೊಂದು ಜನ, ಯಾರಿಗೂ ಏನೂ ಆಗಲಿಲ್ಲ, ಏನೂ ಆಗಲಿಲ್ಲವಲ್ಲ ಬಿಡು ಎಂದರು ಎಲ್ಲರೂ, ಆದರೆ ಅಂದಿನಿಂದ ಅಂಗಡಿಯಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲೆಂದರಲ್ಲಿ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ತಂಗಿಯ ಮನೆಯ ಈ ಮುದಿ ಕರಿ ನಾಯಿ ಬಂದು ನನ್ನ ತೊಡೆಗೆ ಗದ್ದ ಊರುವ ತನಕ, ಊರಿದ ಮೇಲೆ ಉಸಿರು ತಾನಾಗಿ ಇಳಿಯಿತು, ಈಗ ಮತ್ತೆ ಬಸ್ಸು ಓಡಿಸುತ್ತಿದ್ದೇನೆ, ಇನ್ನು ಇವನನ್ನು ಬಿಟ್ಟಿರುವ ಮಾತಿಲ್ಲ — ಕೆಳಗೆ ರೇಮೋ, ಕಟ್ಟಡದ ಮಾಲೀಕ, ನಲ್ಲಿ ರಿಪೇರಿಗೆ ಬಂದವನು, ನೋಡಮ್ಮ ವರ್ನಾ, ನಾಯಿ ಸಾಕೋ ಹಾಗಿಲ್ಲ ಅಂತ ಬಾಡಿಗೆ ಕರಾರಲ್ಲೇ ಇದೆ, ಎಂದ. ಗೊತ್ತು, ಆದ್ರೆ ಇವನನ್ನ ಶೋಕಿಗೆ ಸಾಕ್ತಿಲ್ಲ ರೇಮೋ, ನನಗೆ ಔಷಧಿ ಇದ್ದ ಹಾಗೆ, ಕಾನೂನಲ್ಲಿ ಅವಕಾಶ ಇದೆ, ತಗೊಳ್ಳಿ, ಈ ಪತ್ರ ಓದಿ. ಇಂಥ ಕಾಗದ ಇಂಟರ್ನೆಟ್ಟಲ್ಲಿ ರಾಶಿ ಸಿಗುತ್ತೆ ಕಣಮ್ಮ, ಹೋದ ವರ್ಷ ಒಬ್ಬ ಹೆಬ್ಬಾವಿಗೆ ತಂದಿದ್ದ. ಹೆಬ್ಬಾವು ಬಾಲ ಆಡ್ಸಿತ್ತಾ, ಪತ್ರದ ಕೆಳಗೆ ಡಾಕ್ಟರ್ ನಂಬರ್ ಇದೆ, ಈಗ್ಲೇ ಫೋನ್ ಮಾಡಿ, ಕಾಯ್ತೀನಿ — ದನಿ ಒಂದಿಷ್ಟೂ ನಡುಗಲಿಲ್ಲ ನನ್ನದು, ಕಾಗದ ಅವನ ಕೈಯಲ್ಲೇ ಇದೆ, ಅವನು ಓದುತ್ತಲೇ ಇಲ್ಲ, ಬೆನ್ನು ಗೋಡೆಗೆ ಅಂಟಿದೆ, ಕಣ್ಣು ಮೂಸ್ ಮೇಲೆ, ಮೇಲ್ಮೇಲೆ ಎಳೆಯುವ ಆ ಉಸಿರು, ಅಯ್ಯೋ ಆ ಉಸಿರು ನನಗೆ ಗೊತ್ತು. ನಾಯಿ ಅಂದ್ರೆ ಭಯಾನಾ ನಿಮಗೆ. ನಗಬೇಡ, ಎಂದ, ಅಂಗಿಯ ತೋಳು ಮೇಲೇರಿಸಿ ಮೊಣಕೈ ಹತ್ತಿರ ನಾಯಿ ಕಚ್ಚಿದ ಹಳೇ ಗಾಯದ ಗುರುತು ತೋರಿಸಿದ, ಏಳು ವರ್ಷ ಆಗ ನನಗೆ, ಹೆಂಡತಿಗೂ ಹೇಳಿಲ್ಲ ಇದನ್ನ. ನಗು ಬರಲಿಲ್ಲ, ಹಿಂದಿನ ಮೆಟ್ಟಿಲಲ್ಲೇ ಇವನನ್ನ ಓಡಾಡಿಸ್ತೀನಿ, ನೀವು ಬರೋ ದಿನ ಮೊದಲೇ ತಿಳಿಸಿ, ಬಾಗಿಲು ಹಾಕ್ಕೊಂಡಿರ್ತೀವಿ, ಆದ್ರೆ ಇವನು ಇಲ್ಲೇ ಇರ್ತಾನೆ. ಅವನು ಪತ್ರವನ್ನು ಗೋಡೆಗೆ ಒತ್ತಿಟ್ಟು ಕೆಳಗೆ ಒಪ್ಪಿಗೆ ಎಂದು ಬರೆದು ಸಹಿ ಹಾಕಿದ, ಅಷ್ಟಕ್ಕೆ ಹೊರಟುಬಿಡಬಹುದಿತ್ತು, ಹೊರಡಲಿಲ್ಲ, ಮುಷ್ಟಿ ಬಿಗಿದು ಕೈಯನ್ನು ನಾಯಿಯತ್ತ ಮೆಲ್ಲಗೆ ಚಾಚಿದ, ನನ್ನ ಕಾಲ ಬಳಿ ಕೂತಿದ್ದ ಮೂಸ್ ಏಳಲೂ ಇಲ್ಲ, ಮೂಗನ್ನಷ್ಟೇ ಎತ್ತಿದ, ಮುಷ್ಟಿ ಅಲ್ಲೇ ನಿಂತಿತು, ಗ್ರೀಸ್ ಮೆತ್ತಿದ ಬಿಗಿಮುಷ್ಟಿ, ಆಮೇಲೆ ಒಂದು ಬೆರಳು ಬಿಚ್ಚಿತು, ಒಂದೇ ಬೆರಳು, ಆ ಒದ್ದೆ ಮೂಗಿನ ಮುಂದೆ