ನಡುವಿನ ಮೆಟ್ಟಿಲು

ಮುಂದೆ ಓಡುತ್ತಿರುವ ಹಸಿರು ಬನಿಯನ್ನಿನವನ ಬೆನ್ನಿನ ನಂಬರು ತಲೆಕೆಳಗಾಗಿದೆ, ನಾಲ್ಕೂ ಪಿನ್ನು ನೀಟಾಗಿ ಚುಚ್ಚಿಕೊಂಡಿದ್ದಾನೆ ಪುಣ್ಯಾತ್ಮ, ಅಂಕಿಗಳು ಮಾತ್ರ ಕಾಲು ಮೇಲೆ ಮಾಡಿ ನಿಂತಿವೆ, ಮೂವತ್ತೊಂದು ಕಿಲೋಮೀಟರು ಹೀಗೇ ಓಡಿ ಬಂದನೇ, ಕೂಗಿ ಹೇಳೋಣವೆಂದರೆ ಅವಳಿಗೆ ಉಸಿರಿಲ್ಲ — ಮೂವತ್ತಾರು ವರ್ಷ ಪ್ರೆಸ್ಸಿನ ಮಹಡಿಯ ಮೇಲೆ ಕೂತು ಕರಡು ತಿದ್ದಿದ ಕಣ್ಣು, ನಿವೃತ್ತಿಯಾಗಿ ಎರಡು ತಿಂಗಳಾದರೂ ತೆಪ್ಪಗಿರುವುದಿಲ್ಲ, ಅಂಗಡಿ ಬೋರ್ಡು, ಔಷಧಿ ಚೀಟಿ, ಸೊಸೆ ಬರೆದ ಸಾಮಾನಿನ ಪಟ್ಟಿ, ಒಂದನ್ನೂ ಬಿಡುವುದಿಲ್ಲ, ಅದಕ್ಕೇ ಪ್ರೆಸ್ಸಿನಲ್ಲಿ ಅವಳು ಎಲ್ಲರಿಗೂ ತಿದ್ದಕ್ಕ, ಐವತ್ತೆಂಟು ವರ್ಷದ ತಿದ್ದಕ್ಕ ಮ್ಯಾರಥಾನ್ ಓಡ್ತಾಳಂತೆ ಎಂದು ಕೆಳಗಿನ ಶೆಡ್ಡಿನವರೆಲ್ಲ ನಕ್ಕಿದ್ದೇ ನಕ್ಕಿದ್ದು, ಯಾಕಕ್ಕ ಓಡೋದು, ಬಸ್ಸಿಲ್ವಾ ಆ ಕಡೆಗೆ ಅಂದಿದ್ದ ಕಟಿಂಗ್ ಮೆಷಿನ್ನಿನವನು, ಅಂದವನೇ ಮೊದಲು ಬಂದು ಮೂವತ್ತೆಂಟನೇ ಕಿಲೋಮೀಟರು ನಂದು ಅಂತ ಹಣ ಕೊಟ್ಟ, ಕೂಲಿಯವರಿಗೆ ಓದುಬರಹ ಕಲಿಸುವ ಸಂಸ್ಥೆಗೆ ಅಂತ, ಒಬ್ಬೊಬ್ಬರದು ಒಂದೊಂದು ಕಿಲೋಮೀಟರು, ನಲವತ್ತೆರಡಕ್ಕೂ ಜನ ಸಿಕ್ಕರು, ಕೊನೆಗೆ ಉಳಿದ ನೂರ ತೊಂಬತ್ತೈದು ಮೀಟರು ಯಾರಿಗೂ ಬೇಡವಾಯಿತು, ಚಿಲ್ಲರೆ ನೀವೇ ಇಟ್ಕೊಳ್ಳಿ ಅಂದ ಚಿಕ್ಕ ಯಜಮಾನ, ಗಡ್ಡ ಕೆರೆದುಕೊಂಡು ಇನ್ನೊಂದು ಮಾತನ್ನೂ ಸೇರಿಸಿದ, ಪೂರ್ತಿ ಓಡಿ ಮುಗಿಸಿದ್ರೆ ಆ ಹಳೇ ಬೈಂಡಿಂಗ್ ಶೆಡ್ಡೂ ನಿಮ್ಮ ಕೂಲಿಯವರ ಪಾಠಕ್ಕೆ, ಮಧ್ಯದಲ್ಲಿ ವ್ಯಾನ್ ಹತ್ತಿದ್ರೆ ಮಾತ್ರ ನಂಗೆ ಗೋಡೌನು. ಅಷ್ಟೇ ಮಾತು. ಏಳು ಗಂಟೆಯೊಳಗೆ ಮುಗಿಯಬೇಕು, ಹಿಂದುಳಿದವರನ್ನು ಗುಡಿಸಿಕೊಂಡು ಬರುವ ಬಿಳೀ ವ್ಯಾನು ಎರಡು ತಿರುವು ಹಿಂದಿದೆ, ಎಡಗಾಲಿನ ಹೆಬ್ಬೆರಳ ಉಗುರು ಶೂ ಒಳಗೆ ಬೇರೆಯೇ ಸಂಸಾರ ಹೂಡಿದೆ.

ಬೈಂಡಿಂಗ್ ಶೆಡ್ಡು, ತಗಡಿನ ಮಾಡು, ಹಿಟ್ಟು ಕುದಿಸಿದ ಅಂಟಿನ ಹುಳಿವಾಸನೆ, ದಾರದ ಉಂಡೆ, ರಟ್ಟಿನ ಧೂಳು, ಉದ್ದ ಮೇಜಿನ ಆ ತುದಿಯಲ್ಲಿ ಅಪ್ಪ. ಅಪ್ಪನ ಕೈಯಿಂದ ಒಂದು ಊರಿಗಾಗುವಷ್ಟು ಪುಸ್ತಕ ಹೊಲಿಗೆಯಾಗಿ ಹೋಗಿದೆ, ಅಪ್ಪನಿಗೆ ಒಂದಕ್ಷರ ಬರುತ್ತಿರಲಿಲ್ಲ, ದೀಪದ ಕೆಳಗೆ ಕತ್ತಲು ಅಂತ ಸುಮ್ಮನೆ ಹೇಳುತ್ತಾರೆಯೇ, ಆದರೂ ಪುಟ ತಪ್ಪುತ್ತಿರಲಿಲ್ಲ, ಹೇಗಪ್ಪಾ ಗೊತ್ತಾಗುತ್ತೆ ಅಂದರೆ ಹೊಲಿಯುವ ಮುಂಚಿನ ಕಟ್ಟನ್ನು ಬೆನ್ನು ಮೇಲಾಗಿ ಹಿಡಿದು ತೋರಿಸುತ್ತಿದ್ದ, ಹದಿನಾರು ಹದಿನಾರು ಪುಟ ಮಡಿಸಿದ ಒಂದೊಂದು ಫಾರಮ್ಮಿನ ಮಡಿಕೆಯ ಮೇಲೂ ಒಂದು ಕಪ್ಪು ಗುರುತು, ಮೊದಲನೆಯದು ಮೇಲೆ, ಎರಡನೆಯದು ಸ್ವಲ್ಪ ಕೆಳಗೆ, ಸಾಲಾಗಿ ಜೋಡಿಸಿದರೆ ಮೆಟ್ಟಿಲು, ಆ ಮೆಟ್ಟಿಲಿನ ಮೇಲೆ ಅಪ್ಪನ ಹೆಬ್ಬೆರಳು ಇಳಿಯುತ್ತಿತ್ತು, ಹಸಿ ಮಸಿ ಮೆತ್ತಿಕೊಂಡು ಕಪ್ಪಾದ ಹೆಬ್ಬೆರಳು, ಟಕ ಟಕ ಟಕ ಇಳಿದು ಎಲ್ಲಾದರೂ ಮೆಟ್ಟಿಲು ಇಲ್ಲವೆಂದರೆ ಅಲ್ಲೇ ನಿಲ್ಲುತ್ತಿತ್ತು, ಇಲ್ಲೊಂದು ಕಾಣೆ ಕಣಮ್ಮ ಅನ್ನುತ್ತಿದ್ದ. ನಿಂತ ಬೆರಳು. ಈಗಲೂ ಕಾಣುತ್ತದೆ, ಈ ಬಿಸಿಲಲ್ಲಿ, ಈ ಡಾಂಬರಿನ ಬಿಳೀ ಪಟ್ಟೆಗಳ ಮೇಲೆ, ಒಂದು ಪಟ್ಟೆ, ಒಂದು ಪಟ್ಟೆ, ನೀರು ಬೇಕಾ ಆಂಟಿ ಎಂದು ಲೋಟ ಚಾಚಿದ ಕೈ, ಅರ್ಧ ಬಾಯಿಗೆ ಅರ್ಧ ಕುತ್ತಿಗೆಗೆ, ಇದು ಮೂವತ್ತನಾಲ್ಕು, ಟೀ ಅಂಗಡಿಯವಳದು, ನನ್ ಕಿಲೋಮೀಟರಲ್ಲಿ ಕೂತ್ಕೋಬೇಡಿ ಮತ್ತೆ ಅಂದಿದ್ದಳು, ಕೂರುವುದಿಲ್ಲ ತಾಯಿ.

ಅವಳ ಶಾಲೆಯ ಪುಸ್ತಕಗಳೆಲ್ಲ ಪ್ರೆಸ್ಸಿನಲ್ಲಿ ಬೇಡವೆಂದು ಬಿಟ್ಟವು, ಮೂಲೆ ಹರಿದವು, ಮಸಿ ಹೆಚ್ಚಾದವು, ಅಪ್ಪ ಅವನ್ನು ಹೊಸದಾಗಿ ಕಟ್ಟಿ ತರುತ್ತಿದ್ದ, ಅಂಗಡಿಯ ಪುಸ್ತಕಕ್ಕಿಂತ ಗಟ್ಟಿ, ಎಸೆದರೂ ಹಾಳೆ ಬಿಡುತ್ತಿರಲಿಲ್ಲ, ಹನ್ನೆರಡನೇ ವಯಸ್ಸಿನ ಆ ಭೂಗೋಳದ ಪುಸ್ತಕವೂ ಹಾಗೇ ಬಂದದ್ದು, ಏಳು ಫಾರಮ್ಮು, ಅದರಲ್ಲಿ ನಾಲ್ಕನೆಯದು ತಲೆಕೆಳಗು, ನಲವತ್ತೆಂಟನೇ ಪುಟವಾದ ಮೇಲೆ ಅರವತ್ತನಾಲ್ಕು, ನದಿಗಳೆಲ್ಲ ಆಕಾಶಕ್ಕೆ ಹರಿಯುತ್ತಿದ್ದವು, ಓದು ಅಂದಾಗ ಅವಳು ಪುಸ್ತಕ ತಿರುಗಿಸಿ ಹಿಂದಿನಿಂದ ಹುಡುಕತೊಡಗಿದ್ದಳು, ಮೇಷ್ಟ್ರು ಪುಸ್ತಕ ಕಿತ್ತು ಎತ್ತಿ ತೋರಿಸಿ, ಯಾವ ಕುರುಡ ಕಟ್ಟಿದ್ದಮ್ಮ ಇದನ್ನ ಅಂದರು, ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವಳೂ ನಕ್ಕಳು, ಗೊತ್ತಿಲ್ಲ ಸಾರ್ ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕಳು. ಸಂಜೆ ಮನೆಗೆ ಬಂದು ಪುಸ್ತಕವನ್ನು ಅಪ್ಪನ ಮುಂದೆ ಬಿಸಾಕಿ, ಅಕ್ಷರ ತಲೆಕೆಳಗಾಗಿ ನಿಂತಿದೆ, ಅಷ್ಟೂ ಕಾಣಲ್ವಾ ನಿಂಗೆ ಅಂದಳಲ್ಲ, ಅಪ್ಪ ಬೈಯಲಿಲ್ಲ, ಪುಸ್ತಕದ ಬೆನ್ನು ಬಿಚ್ಚಿ ಹೆಬ್ಬೆರಳು ಇಳಿಸಿದ, ಟಕ ಟಕ ಟಕ ಟಕ, ಎಲ್ಲ ಮೆಟ್ಟಿಲೂ ಇತ್ತು, ಮತ್ತೆ ಇಳಿಸಿದ, ಆಮೇಲೆ ಮೆಲ್ಲಗೆ ಹೇಳಿದ, ನಡುವಿಂದು ಕಣಮ್ಮ, ನಡುವಿನ ಮೆಟ್ಟಿಲು ತಲೆಕೆಳಗಾದ್ರೂ ನಡುವಲ್ಲೇ ಇರುತ್ತೆ, ಬೆರಳಿಗೆ ತಿಳಿಯಲ್ಲ. ಬೇರೆ ಯಾವ ಫಾರಮ್ಮಾಗಿದ್ದರೂ ಸಿಕ್ಕಿಬೀಳುತ್ತಿತ್ತು. ಮಾರನೇ ದಿನ ಕತ್ತರಿಸಿ ಉಳಿದ ಹಾಳೆಗಳನ್ನು ಕೂಡಿಸಿ ಅಂಗೈ ಅಗಲದ ಒಂದು ನೋಟ್‌ಬುಕ್ಕು ಕಟ್ಟಿ ತಂದು ಅವಳ ಮುಂದಿಟ್ಟ, ಹಾಗಾದ್ರೆ ನೀನೇ ಹೇಳ್ಕೊಡು ಅಂದ — ಬೇಡ, ಆ ನೋಟ್‌ಬುಕ್ಕು ಈಗ ಬೇಡ, ಮೂವತ್ತೆಂಟು ಬಂತು, ಕಟಿಂಗಿನವನದು, ತೊಡೆ ಕಲ್ಲಾಗಿದೆ, ಕಾಲೇ ಕೈಕೊಟ್ಟರೆ ಇನ್ನಾರನ್ನು ನಂಬುವುದು, ಆ ಹಸಿರು ಬನಿಯನ್ನು ರಸ್ತೆ ಬದಿಯ ಕಟ್ಟೆ ಮೇಲೆ ಮೀನಖಂಡ ಹಿಡಿದು ಕೂತಿದೆ, ಹತ್ತಿರದಿಂದ ನೋಡಿದರೆ ಇಪ್ಪತ್ತು ದಾಟಿಲ್ಲ, ನಿನ್ ಬೆನ್ನಿನ ನಂಬರು ತಲೆಕೆಳಗಾಗಿದೆ ಕಣಪ್ಪ ಅಂತ ಕಡೆಗೂ ಹೇಳಿಯೇಬಿಟ್ಟಳು, ಅವನು ತಿರುಗಿ ನೋಡಲು ಹೋಗಿ ಆಗದೆ ನಕ್ಕ, ಬೆನ್ನಲ್ವಾ ಅಜ್ಜಿ, ನಂಗೆ ಹೇಗೆ ಕಾಣ್ಬೇಕು, ಗೊತ್ತಿದ್ದವರು ಯಾರಾದ್ರೂ ಹೇಳ್ಬೇಕಿತ್ತು.

ಗೊತ್ತಿದ್ದವರು ಯಾರಾದರೂ ಹೇಳಬೇಕಿತ್ತು. ಹೇಳಿಕೊಡುತ್ತೇನೆ ಅಂದಿದ್ದಳು, ಇಲ್ಲ ಅನ್ನಲಿಲ್ಲ, ಮೊದಲ ಪುಟದ ಮೊದಲ ಗೆರೆಯ ಮೇಲೆ ಒಂದು ಅ ಬರೆದುಕೊಟ್ಟಳು, ಬಾಲ ಸ್ವಲ್ಪ ಉದ್ದವಾಯಿತು, ಇದನ್ನ ಬರೀತಾ ಇರಪ್ಪ, ಮುಂದಿನ ಅಕ್ಷರ ನಾಳೆ. ನಾಳೆ ಅಂದವರ ಮನೆ ಹಾಳು. ನಾಳೆ ಲೆಕ್ಕದ ಪರೀಕ್ಷೆ ಇತ್ತು, ಆಮೇಲೆ ಜ್ವರ, ಆಮೇಲೆ ದೊಡ್ಡ ಶಾಲೆ, ಕಾಲೇಜು, ಅಪ್ಪ ಎರಡನೇ ಸಲ ಕೇಳುವ ಮನುಷ್ಯನಲ್ಲ, ಆಮೇಲೆ ಅದೇ ಪ್ರೆಸ್ಸಿನಲ್ಲಿ ಮಹಡಿ ಮೇಲಿನ ಕುರ್ಚಿ, ನನ್ ಮಗಳು ತಪ್ಪು ಹಿಡಿದ್ರೆ ಪ್ರೊಫೆಸರ್ರೂ ಬಾಯಿ ಮುಚ್ಕೋಬೇಕು ಅಂತ ಶೆಡ್ಡಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಅಪ್ಪ, ಸಂಬಳದ ದಿನ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಬಂದು ಮೆಟ್ಟಿಲ ಕೆಳಗೆ ಅವಳಿಗಾಗಿ ಕಾಯುತ್ತಿದ್ದ ಅಪ್ಪ, ಹದಿಮೂರು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಳು, ಎಷ್ಟು ಜನರ ಎಷ್ಟು ಅಕ್ಷರ ತಿದ್ದಿದಳು, ಆ ಮೇಜಿನ ತುದಿಗೆ ಹೋಗಿ ಹತ್ತು ನಿಮಿಷ ಕೂರಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷ. ನಲವತ್ತನೇ ಕಿಲೋಮೀಟರೂ ಆಯಿತು, ಇನ್ನು ಇಪ್ಪತ್ತೆರಡೇ ನಿಮಿಷ ಆಂಟಿ, ಆಗದಿದ್ರೆ ವ್ಯಾನ್ ಹತ್ತಿಬಿಡಿ, ಪರವಾಗಿಲ್ಲ ಅನ್ನುತ್ತಾಳೆ ಬಾವುಟ ಹಿಡಿದ ಹುಡುಗಿ, ಪರವಾಗಿದೆ ಕಣಮ್ಮ, ವ್ಯಾನಿನ ಬಾಗಿಲು ತೆರೆದೇ ಇದೆ, ಒಳಗೆ ಮೆತ್ತನೆ ಸೀಟು, ಎಷ್ಟು ಮೆತ್ತಗಿರಬಹುದು, ಹತ್ತಿದರೆ ಅಪ್ಪನ ಮೇಜಿನ ಜಾಗದಲ್ಲಿ ಕಾಗದದ ಮೂಟೆ, ಬೇಡ, ಒಂದು ಪಟ್ಟೆ, ಇನ್ನೊಂದು ಪಟ್ಟೆ, ಟಕ, ಟಕ, ನಲವತ್ತೊಂದು ಲಾರಿಯವನದು, ನಲವತ್ತೆರಡು ಮಗನದು, ಮುಗಿಯಿತು, ಎಲ್ಲರದೂ ಮುಗಿಯಿತು, ಇನ್ನುಳಿದದ್ದು ಚಿಲ್ಲರೆ, ಯಾರಿಗೂ ಬೇಡದ ನೂರ ತೊಂಬತ್ತೈದು ಮೀಟರು, ಇದು ಅಪ್ಪನದು ಅಂತ ಅವಳು ಯಾರಿಗೂ ಹೇಳಿಲ್ಲ.

ಎರಡೂ ಬದಿ ಜನ, ಚಪ್ಪಾಳೆ, ಕಟಿಂಗಿನವನ ದನಿ, ಬನ್ನಿ ತಿದ್ದಕ್ಕ ಬನ್ನಿ, ಗಡಿಯಾರದ ಕೆಂಪಂಕಿಯಲ್ಲಿ ಇನ್ನೂ ಎರಡು ನಿಮಿಷ ಬಾಕಿ, ಆರು ತಿಂಗಳ ಹಿಂದೆ ಶೆಡ್ಡು ಖಾಲಿ ಮಾಡುವಾಗ ಇದೇ ದನಿ ಹದಿಮೂರು ಮೆಟ್ಟಿಲು ಹತ್ತಿ ಬಂದಿತ್ತು, ದಾರದ ಡ್ರಾಯರಿನ ತಳದಲ್ಲಿತ್ತು, ನಿಮ್ಮಪ್ಪಂದು ಇರಬೇಕು ನೋಡಿ ಅಕ್ಕ. ಅಂಗೈ ಅಗಲದ ನೋಟ್‌ಬುಕ್ಕು. ಮೊದಲ ಪುಟ ಅ, ಎರಡನೇ ಪುಟ ಅ, ಸೊಟ್ಟ ಅ, ನೆಟ್ಟಗಾದ ಅ, ಪ್ರತಿಯೊಂದಕ್ಕೂ ಹನ್ನೆರಡು ವರ್ಷದ ಹುಡುಗಿಯ ಉದ್ದ ಬಾಲ, ಅರ್ಧ ದಾಟಿದ ಮೇಲೆ ಅಕ್ಷರ ಕೆಂಪಾಗಿತ್ತು, ಮಹಡಿಯಿಂದ ಅವಳು ಎಸೆದ ಕರಡು ತಿದ್ದುವ ಪೆನ್ಸಿಲಿನ ತುಂಡುಗಳು, ಅವಳು ಮೇಲೆ ಕೂತಿದ್ದಾಗಲೂ ಬರೆಯುತ್ತಿದ್ದ, ಕೆಳಗೆ, ಅದೊಂದನ್ನೇ, ಬೇರೆ ಯಾರನ್ನೂ ಕೇಳಲಿಲ್ಲ, ನಾಳೆ ಅಂದಿದ್ದಾಳಲ್ಲ ಮಗಳು — ಗೆರೆ ದಾಟಿದಳು, ಯಾರೋ ಕೊರಳಿಗೆ ಏನೋ ಹಾಕಿದರು, ಯಾರೋ ಹಿಡಿದುಕೊಂಡರು, ಶೆಡ್ಡು ನಿಮ್ದೇ ಅಕ್ಕ ಅನ್ನುತ್ತಿದ್ದಾರೆ, ಅವಳಿಗೆ ಕಾಣುತ್ತಿರುವುದು ಕೊನೆಯ ಪುಟ, ಕೊನೆಯ ಗೆರೆ, ಅಲ್ಲೊಂದು ಅ, ಅದರ ಪಕ್ಕ, ಎರಡನೇ ಅಕ್ಷರ ಬರಬೇಕಾದ ಜಾಗದಲ್ಲಿ, ಇಳಿದು ಬಂದು ನಿಂತ ಹೆಬ್ಬೆರಳಿನ ಕಪ್ಪು ಗುರುತು.