ಓಗೊಟ್ಟ ಹೆಸರು

"ಹೆಸರಿಗೂ ಸೊನ್ನೆಯೇ, ಮೇಷ್ಟ್ರೇ," ಅಂದಳು ಕಲಿಯುವ ಡಾಕ್ಟರು ಪಾನ್, ರೋಗಿಯ ನೆನಪಿನ ಪರೀಕ್ಷೆಯ ಹಾಳೆ ನೋಡುತ್ತ.

ಡಾಕ್ಟರ್ ಗು ಕೈಗೆ ಸೋಪು ಹಚ್ಚಿಕೊಳ್ಳುತ್ತಿದ್ದ. ನಲ್ಲಿ ನಿಲ್ಲಿಸಲಿಲ್ಲ. ತಾರೀಖಿಗೆ ಸೊನ್ನೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ; ಈ ವಾರ್ಡಿನಲ್ಲಿ ತಾರೀಖು ಡಾಕ್ಟರುಗಳಿಗೇ ನೆನಪಿರುವುದಿಲ್ಲ. ಜಾಗಕ್ಕೆ ಸೊನ್ನೆ ಬಂದರೂ ನಡೆಯುತ್ತದೆ. ಆದರೆ ತನ್ನ ಹೆಸರನ್ನೇ ತಪ್ಪು ಹೇಳುವವನ ಬುದ್ಧಿ ಅವನ ಕೈಯಲ್ಲಿಲ್ಲ, ಅವನ ಪರವಾಗಿ ಬೇರೆಯವರು ತೀರ್ಮಾನ ಮಾಡಬೇಕು. ಹಾಗೆಂದು ಕಲಿಯಲು ಬರುವ ಡಾಕ್ಟರುಗಳಿಗೆ ವರ್ಷ ವರ್ಷ ಪಾಠ ಹೇಳುತ್ತ ಬಂದವನು ಅವನೇ.

"ಏನಂತೆ ಹೆಸರು?"

"ಯಾನ್ ಫುಲಿನ್ ಅಂತೆ. ನೀವು ಮಾ ದಶೆಂಗ್ ಅಲ್ವಾ ದೊಡ್ಡಪ್ಪ ಅಂದೆ. ಅವನು ಸತ್ತು ಯಾವ ಕಾಲ ಆಯ್ತು ಅಂದ್ರು." ಪಾನ್‌ಗೆ ನಗು ಬಂತು. ಮೇಷ್ಟ್ರ ಮುಖ ನೋಡಿ ನುಂಗಿಕೊಂಡಳು.

ಆ ಆಸ್ಪತ್ರೆಯಲ್ಲಿ ಎಲ್ಲರೂ ದೊಡ್ಡಪ್ಪಂದಿರೇ. ಸೋತ ಸೈನ್ಯದ ಜೊತೆ ಚೀನಾದಿಂದ ಕಡಲು ದಾಟಿ ತೈವಾನಿಗೆ ಬಂದ ಹುಡುಗರು ಇಲ್ಲೇ ಮುದುಕರಾದರು. ಎಷ್ಟೋ ಮಂದಿ ಮದುವೆ ಆಗಲಿಲ್ಲ. ಅಣ್ಣ ತಮ್ಮ, ಅವರ ಮಕ್ಕಳು ಯಾರೂ ಇಲ್ಲದವರನ್ನು ನರ್ಸಿನಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರೂ ದೊಡ್ಡಪ್ಪ ಅನ್ನುತ್ತಾರೆ. ಅಷ್ಟು ಸುಲಭವಾಗಿ ಸಿಗುವ ಸಂಬಂಧ ಅದೊಂದೇ ಎಂದು ಗುಗೆ ಆಗಾಗ ಅನ್ನಿಸಿದ್ದುಂಟು. ಅನ್ನಿಸಿದ ಮೇಲೆ ಅವನೂ ದೊಡ್ಡಪ್ಪ ಅಂತಲೇ ಕರೆಯುತ್ತಿದ್ದ.

ಮಾ ದೊಡ್ಡಪ್ಪನ ಎಡಗಾಲು ಪಾದದಿಂದ ಮೊಣಕಾಲಿನ ತನಕ ಕಪ್ಪಾಗಿ ಕೊಳೆಯುತ್ತಿತ್ತು. ಇವತ್ತು ಕತ್ತರಿಸಿದರೆ ಜೀವ ಉಳಿದೀತು. ಬಿಟ್ಟರೆ ವಿಷ ಮೈಗೆಲ್ಲ ಏರಿ ಹೋಗುತ್ತಾನೆ. ನೋವು ಕಾಣದ ಹಾಗೆ ಮದ್ದು ಕೊಟ್ಟು ನೆಮ್ಮದಿಯಾಗಿ ಕಳಿಸಬಹುದು. ಮುದುಕ ಕತ್ತರಿಸುವುದು ಬೇಡ ಅನ್ನುತ್ತಿದ್ದ. ಬೇಡ ಅನ್ನುವವನ ತಲೆ ನೆಟ್ಟಗಿದ್ದರೆ ಅವನ ಮಾತೇ ಕೊನೆ. ಇಲ್ಲದಿದ್ದರೆ ಅವನಿದ್ದ ಸೈನಿಕಧಾಮದ ಅಧಿಕಾರಿ ರುಜು ಹಾಕುತ್ತಾನೆ. ಆತ ಬೆಳಿಗ್ಗೆಯೇ ಬಂದು ಕೂತಿದ್ದ, ಪೇಪರ್ ಓದುತ್ತ.

ಇವತ್ತೇ ರಾಜಧಾನಿಯಿಂದ ಪರೀಕ್ಷಕರೂ ಬರುವವರಿದ್ದರು. ಅವರು ರೋಗಿಯ ಮಂಚದ ಪಕ್ಕ ನಿಂತು, ಗು ಪಾಠ ಹೇಳುವುದನ್ನು ನೋಡುತ್ತಾರೆ. ಮೆಚ್ಚಿದರೆ ತರಬೇತಿ ಉಳಿಯುತ್ತದೆ. ಮೆಚ್ಚದಿದ್ದರೆ ಮುಂದಿನ ವರ್ಷ ಇಲ್ಲಿಗೆ ಕಲಿಯುವವರು ಯಾರೂ ಬರುವುದಿಲ್ಲ, ಕಲಿಸುವವನೂ ಬೇಕಾಗುವುದಿಲ್ಲ. ಕಲಿಸುವುದನ್ನು ಬಿಟ್ಟರೆ ತಾನು ಏನು ಎಂಬುದು ಗುಗೆ ಗೊತ್ತಿರಲಿಲ್ಲ. ಹೆಂಡತಿಗೂ ಗೊತ್ತಿರಲಿಕ್ಕಿಲ್ಲ; ಫೋನಿನಲ್ಲಿ ಅವಳು ಅವನ ನಂಬರನ್ನು 'ಆಸ್ಪತ್ರೆ' ಅಂತ ಇಟ್ಟುಕೊಂಡಿದ್ದಳು.

"ಯಾವ ರೋಗೀನ ತೋರ್ಸೋದು ಮೇಷ್ಟ್ರೇ?" ಅಂತ ಪಾನ್ ಕೇಳಿದಳು.

"ಮಾ ದೊಡ್ಡಪ್ಪನ್ನೇ ತೋರ್ಸೋಣ. ನೀನು ರೆಡಿಯಾಗು," ಅಂದು ಅವನೊಬ್ಬನೇ ವಾರ್ಡಿಗೆ ಹೋದ.

ಪರದೆ ಸರಿಸಿದರೆ ಗಪ್ಪಂತ ವಾಸನೆ. ಮುದುಕ ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡೇ ಇದ್ದ. ತುಟಿ ಅಲ್ಲಾಡುತ್ತಿತ್ತು.

"ತಿಂಡಿ ಆಯ್ತಾ ದೊಡ್ಡಪ್ಪ?"

"ಗಂಜಿ. ಬರೀ ನೀರು."

"ಏನೋ ಬೇರೆ ಹೆಸರು ಹೇಳಿದ್ರಂತೆ."

"ಬೇರೆ ಅಲ್ಲ. ನಂದು."

ಆಮೇಲೆ ಕೇಳದೆಯೇ ಹೇಳಿದ. ಅವನ ಶಾಂಡೊಂಗ್ ಸೀಮೆಯ ಮಾತು ಇಲ್ಲಿಯ ಹುಡುಗರಿಗೆ ಅರ್ಧ ಅರ್ಥವಾಗುವುದಿಲ್ಲ. ಗು ಅದನ್ನು ಕೇಳುತ್ತಲೇ ಬೆಳೆದವನು. ಅವತ್ತು ಅಮ್ಮ ಉಪ್ಪು ತರಲು ಅಂಗಡಿಗೆ ಕಳಿಸಿದ್ದಳಂತೆ. ಒಲೆಯ ಮೇಲೆ ಎಸರು ಇತ್ತು. ದಾರಿಯಲ್ಲಿ ಸೈನ್ಯ ಹೋಗುತ್ತಿತ್ತು. ಹೊಳೆಯ ಹತ್ತಿರ ಮಾ ದಶೆಂಗ್ ಎಂಬ ಸಿಪಾಯಿ ಭೇದಿ ಹತ್ತಿ ಸತ್ತಿದ್ದ. ಹಾಜರಿ ಕೂಗುವಾಗ ಒಬ್ಬ ಕಮ್ಮಿ ಬಿದ್ದರೆ ಒಬ್ಬನ ಅಕ್ಕಿ ಕಮ್ಮಿಯಾಗುತ್ತದೆ. ಹವಾಲ್ದಾರ ಈ ಹುಡುಗನ ಕುತ್ತಿಗೆ ಪಟ್ಟಿ ಹಿಡಿದು ಸಾಲಿನಲ್ಲಿ ನಿಲ್ಲಿಸಿ, ಮಾ ದಶೆಂಗ್ ಅಂದಾಗ ಹಾಜರ್ ಅನ್ನು ಅಂದ. ಹುಡುಗ ಅನ್ನಲಿಲ್ಲ. ಹವಾಲ್ದಾರ ಕಿವಿಯಲ್ಲಿ ರಕ್ತ ಬರುವ ಹಾಗೆ ಬಿಗಿದ. ಮಾರನೇ ದಿನ ಹುಡುಗ ಅಂದ. ಅವತ್ತಿನಿಂದ ಅನ್ನುತ್ತಲೇ ಇದ್ದ.

"ಯಾರಿಗಾದ್ರೂ ಹೇಳಿದ್ದೀರಾ?"

"ಹೇಳಿದ್ರೆ ಮಾ ದಶೆಂಗನ ಹೆಸರಲ್ಲಿ ಸಿಗೋ ಅನ್ನ ಕಿತ್ಕೋತಾರೆ. ಈಗ ತಿನ್ನೋಕೆ ಆಗಲ್ಲ. ಕಿತ್ಕೊಳ್ಲಿ."

"ಕಾಲು ತೆಗೀದಿದ್ರೆ ಉಳಿಯಲ್ಲ ದೊಡ್ಡಪ್ಪ."

"ಉಳ್ಕೊಂಡಿದ್ದು ಸಾಕಲ್ಲಪ್ಪಾ." ಮುದುಕ ಅವನನ್ನು ನೆಟ್ಟಗೆ ನೋಡಿದ. "ನಮ್ಮಮ್ಮ ಉಪ್ಪಿಗೆ ಕಳ್ಸಿದ್ದು ಎರಡು ಕಾಲಿನ ಹುಡುಗನ್ನ. ಸತ್ತು ಅಲ್ಲಿಗೆ ಹೋದ್ರೆ ಫುಲಿನ್ ಅಂತ ಕೂಗ್ತಾಳೆ. ನಾನು ಓ ಅನ್ಬೇಕು. ಇಷ್ಟು ವರ್ಷ ಬೇರೆಯವನ ಹೆಸರಿಗೆ ಓ ಅಂದು ಅಂದು ಬಾಯಿಗೆ ಅದೇ ರೂಢಿ. ಅದಕ್ಕೇ ಈಗ ಹೇಳ್ಕೊಂಡು ಹೇಳ್ಕೊಂಡು ರೂಢಿ ಮಾಡ್ಕೋತಿದೀನಿ."

ಆ ಮಾತಿನಲ್ಲಿ ಹುಚ್ಚು ಎಳ್ಳಷ್ಟೂ ಇರಲಿಲ್ಲ. ಗು ಹಣೆ ಮುಟ್ಟಿ ನೋಡಿದ. ಜ್ವರ ಇತ್ತು, ಆದರೆ ತಲೆ ಕೆಡಿಸುವಂಥ ಜ್ವರವಲ್ಲ. ಮುದುಕ ಅವನ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಕಣ್ಣು ಕಿರಿದು ಮಾಡಿ ಓದಿದ.

"ಗು. ನಿಮ್ಮಪ್ಪನೂ ಸೈನ್ಯದೋರೇ ಇರ್ಬೇಕು."

"ಹೂಂ."

"ಗು ಅನ್ನೋದು ಅವರದ್ದೇನಾ?"

"ನಾಡಿ ನೋಡ್ತೀನಿ, ಸುಮ್ನಿರಿ."

ನಾಡಿ ಎಣಿಸುವಾಗ ಗುಗೆ ಲೆಕ್ಕ ತಪ್ಪಿತು. ಸಮಾಧಿ ಗುಡಿಸುವ ಹಬ್ಬದಂದು ಅಪ್ಪ ಅಂಗಳದಲ್ಲಿ ಕಡಲಿನ ಕಡೆ ಮುಖ ಮಾಡಿ ಹಿರಿಯರಿಗೆ ಎಡೆ ಇಡುತ್ತಿದ್ದ. ಅದರಿಂದ ದೂರ, ಬೇರೆಯಾಗಿ, ಇನ್ನೊಂದು ಬಟ್ಟಲು ಇಡುತ್ತಿದ್ದ. ಇದು ಯಾರಿಗೆ ಎಂದು ಮಗ ಕೇಳಿದ್ದಕ್ಕೆ, ಗುಗೆ ಅಂದಿದ್ದ. ಗು ನಾವಲ್ವಾ ಅಂದರೆ, ನಾವು ಉಣ್ಣೋ ಅನ್ನ ಅವನದು ಅಂದು ಒಳಗೆ ಹೋಗಿದ್ದ. ತನ್ನ ನಿಜವಾದ ಹೆಸರು ಮಾತ್ರ ಸಾಯುವ ತನಕ ಬಾಯಿ ಬಿಡಲಿಲ್ಲ. ಮಗನೂ ಒತ್ತಾಯ ಮಾಡಲಿಲ್ಲ. ಡಿಗ್ರಿ, ಮದುವೆ, ಪ್ರಬಂಧ, ಕೋಣೆಯ ಬಾಗಿಲಿನ ಹಿತ್ತಾಳೆ ಫಲಕ, ಎಲ್ಲದರ ಮೇಲೂ ಯಾವನೋ ಒಬ್ಬ ಸತ್ತವನ ಹೆಸರು ಇದೆ ಎಂಬುದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಯಾಕೆ ನಾಚಿಕೆ ಎಂದು ಯೋಚಿಸಲು ಹೆದರಿಕೆ.

"ದೊಡ್ಡ ಡಾಕ್ಟ್ರುಗಳು ಬರ್ತಾರಂತಲ್ಲ," ಅಂದ ಮುದುಕ. "ತಲೆ ನೆಟ್ಟಗಿದೆ ಅಂತ ನೀವೊಂದು ಮಾತು ಹೇಳ್ತೀರಲ್ಲ?"

"ಹೂಂ," ಅಂದ ಗು.

ಪರೀಕ್ಷಕರು ಇಬ್ಬರು. ಮಾತಾಡುವವರು ಬೆಳ್ಳಿ ಕೂದಲಿನ ಒಬ್ಬ ಪ್ರೊಫೆಸರು; ಇನ್ನೊಬ್ಬಾಕೆ ಬರೆದುಕೊಳ್ಳುವಾಕೆ. ಕಲಿಯುವ ಡಾಕ್ಟರುಗಳು ಇಸ್ತ್ರಿ ಮಾಡಿದ ಕೋಟು ಹಾಕಿ ಮಂಚದ ಸುತ್ತ ನಿಂತರು. ಪಾನ್ ಚೆನ್ನಾಗಿ ಒಪ್ಪಿಸಿದಳು: ಜ್ವರ, ಕೊಳೆತ ಕಾಲು, ತನ್ನ ಹೆಸರೂ ಗೊತ್ತಿಲ್ಲದ ಸ್ಥಿತಿ, ಆದ್ದರಿಂದ ಆಪರೇಷನ್ ಬೇಡವೆಂಬ ಮಾತಿಗೆ ಬೆಲೆ ಕೊಡಲಾಗದು. ಒಂದೂ ತಪ್ಪಿರಲಿಲ್ಲ. ಹಾಗೆ ಒಪ್ಪಿಸುವುದನ್ನು ಕಲಿಸಿದವನು ಪಕ್ಕದಲ್ಲೇ ನಿಂತಿದ್ದ.

ಪ್ರೊಫೆಸರು ತಲೆದೂಗಿದರು. "ಗು ಅವರೇ, ರೋಗಿ ಬೇರೆ ಹೆಸರು ಹೇಳ್ತಿದ್ದಾರೆ. ಇದನ್ನ ಹುಡುಗರಿಗೆ ಹೇಗೆ ಬಿಡಿಸಿ ಹೇಳ್ತೀರಿ?"

ಎಲ್ಲರೂ ಅವನ ಕಡೆ ತಿರುಗಿದರು. ಮುದುಕನೂ ತಿರುಗಿದ. ಹೆಸರು ನಿಜ ಇರಬಹುದು, ಆ ಕಾಲದಲ್ಲಿ ಹೀಗೆ ಬೇಕಾದಷ್ಟು ನಡೆದಿದೆ ಎಂದರೆ ಸಾಕಿತ್ತು. ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ. ನಮ್ಮಪ್ಪನೂ ಹಾಗೆಯೇ ಅನ್ನಬೇಕಾಗುತ್ತದೆ. ಆ ಬೆಳ್ಳಿ ಕೂದಲು ಮೆಲ್ಲಗೆ ಅವನ ಎದೆಯ ಬಿಲ್ಲೆಯ ಕಡೆ ಬಗ್ಗುವುದು ಗುಗೆ ಮೊದಲೇ ಕಂಡಿತು. ಬಾಯಿ ತೆರೆದ.

ಬಂದದ್ದು ಪಾಠ.

ಮರೆವು ಬಂದ ಮಿದುಳು ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ಕಥೆ ಕಟ್ಟಿ ತುಂಬಿಸಿಕೊಳ್ಳುತ್ತದೆ ಅಂದ. ರೋಗಿ ಸುಳ್ಳು ಹೇಳುವುದಿಲ್ಲ, ನಂಬಿಯೇ ಹೇಳುತ್ತಾನೆ. ಹಾಗಾಗಿ ಕೇಳುವವರೂ ನಂಬಿಬಿಡುತ್ತಾರೆ, ಅಲ್ಲಿ ಹುಷಾರಾಗಿರಬೇಕು. ವಿವರ ಹೆಚ್ಚಾದಷ್ಟೂ ಅನುಮಾನ ಹೆಚ್ಚಬೇಕು. ಅಮ್ಮ ಉಪ್ಪಿಗೆ ಕಳಿಸಿದಳು, ಒಲೆಯ ಮೇಲೆ ಎಸರಿತ್ತು, ಹೊಳೆಯ ಹತ್ತಿರ ಒಬ್ಬ ಸತ್ತ, ಇಂಥವು. ದನಿ ಏರದೆ, ಇಳಿಯದೆ, ಚೊಕ್ಕವಾಗಿ ಬರುತ್ತಿತ್ತು. ಅವನು ಬೇರೆ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ಉಪ್ಪಿನ ಮಾತು ಬಂದಾಗ ಪಾನ್ ತಲೆಯೆತ್ತಿ ನೋಡಿದಳು. ಅವಳಿಗೆ ಮುದುಕ ಉಪ್ಪಿನ ಸುದ್ದಿ ಹೇಳಿರಲಿಲ್ಲ.

ಪ್ರೊಫೆಸರು ಬಗ್ಗಿ, ಮಗುವನ್ನು ಕೇಳುವ ದನಿಯಲ್ಲಿ, "ದೊಡ್ಡಪ್ಪ, ನಿಮ್ಮ ಹೆಸರೇನು ಹೇಳಿ ನೋಡೋಣ," ಅಂದರು.

ಮುದುಕ ಗುನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅವರನ್ನೇ ಕೇಳಿ," ಅಂದ.

ಹುಡುಗರು ಕಿಸಕ್ಕನೆ ನಕ್ಕರು. ಪ್ರೊಫೆಸರೂ ನಕ್ಕರು. ಉತ್ತರ ಗೊತ್ತಿಲ್ಲದಾಗ ರೋಗಿ ಪ್ರಶ್ನೆಯನ್ನು ಪಕ್ಕದವರಿಗೆ ದಾಟಿಸುವುದೂ ಒಂದು ಲಕ್ಷಣವೇ ಅಂತ ಗು ವಿವರಿಸಿದ. ಬರೆದುಕೊಳ್ಳುವಾಕೆ ಅದನ್ನೂ ಬರೆದುಕೊಂಡಳು. ಸೈನಿಕಧಾಮದ ಅಧಿಕಾರಿ ಪೇಪರ್ ಮಡಿಸಿಟ್ಟು ರುಜು ಹಾಕಿ ಹೋದ.

ಊಟಕ್ಕೆ ಡಬ್ಬಿ ತರಿಸಿದ್ದರು, ಕರಿದ ಹಂದಿಮಾಂಸ, ಅನ್ನ, ಅರ್ಧ ಮೊಟ್ಟೆ. ಇಷ್ಟು ಮರ್ಯಾದೆಯಿಂದ ರೋಗಿಯ ಪಕ್ಕ ನಿಂತು ಪಾಠ ಹೇಳುವವರು ಈಗ ಅಪರೂಪ ಅಂದರು ಪ್ರೊಫೆಸರು. ತರಬೇತಿಗೇನೂ ತೊಂದರೆಯಿಲ್ಲ, ಇನ್ನೂ ನಾಲ್ಕು ಹುಡುಗರನ್ನು ಕೊಡಿ ಅಂತ ನಾವೇ ಬರೆಯುತ್ತೇವೆ ಅಂದರು. ಗು ಧನ್ಯವಾದ ಹೇಳಿದ. ಅನ್ನ ಗಂಟಲಲ್ಲಿ ಇಳಿಯಲಿಕ್ಕಿಲ್ಲ ಅಂದುಕೊಂಡಿದ್ದ. ಇಳಿಯಿತು. ಎಲುಬನ್ನೂ ಚೀಪಿದ. ಹಸಿವಾಗಿತ್ತು, ಅದಕ್ಕೇ ತನ್ನ ಮೇಲೆ ತನಗೆ ಅಸಹ್ಯ ಬಂತು.

ಅವರನ್ನು ಕಾರು ಹತ್ತಿಸಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಮುದುಕನನ್ನು ಆಪರೇಷನ್ನಿಗೆ ಒಯ್ದಿದ್ದರು, ಆದರೆ ಇನ್ನೂ ಅರಿವಳಿಕೆ ಮದ್ದು ಕೊಟ್ಟಿರಲಿಕ್ಕಿಲ್ಲ. ಫೋನು ಎತ್ತಿ ಥಿಯೇಟರಿನ ನಂಬರು ಒತ್ತಿದ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲಾಗಿ ಇಟ್ಟುಕೊಂಡ. ನಿಲ್ಲಿಸಿ, ಮಾ ದೊಡ್ಡಪ್ಪನ ತಲೆ ನೆಟ್ಟಗಿದೆ, ತಪ್ಪು ನನ್ನದು. ಅಷ್ಟೇ.

"ಥಿಯೇಟರ್," ಅಂದಳು ನರ್ಸು. "ಯಾರು ಮಾತಾಡ್ತಿರೋದು?"

ಅವನು ಉಸಿರು ಎಳೆದುಕೊಂಡ.

"ಹಲೋ? ಯಾರು? ಹೆಸರು ಹೇಳಿ."

ಎಷ್ಟು ಸಣ್ಣ ಪದ, ಒಂದೇ ಅಕ್ಷರ. ದಿನಕ್ಕೆ ಎಷ್ಟು ಸಲ ಹೇಳುತ್ತಾನೋ. ಈಗ ನಾಲಿಗೆ ಅದನ್ನು ಎತ್ತಲಿಲ್ಲ. ಅದನ್ನು ಬಿಟ್ಟು ಹೇಳಲು ಬೇರೆ ಹೆಸರೂ ಇರಲಿಲ್ಲ. ಇವರಿಗೆ ಬೇರೆ ಕೆಲಸ ಇಲ್ಲ ಅಂತ ಯಾರಿಗೋ ಹೇಳುತ್ತ ನರ್ಸು ಫೋನಿಟ್ಟಳು. ಗು ಇನ್ನೊಮ್ಮೆ ನಂಬರು ಒತ್ತಬಹುದಾಗಿತ್ತು. ನಡೆದು ಹೋಗಬಹುದಾಗಿತ್ತು, ಎರಡು ಮಹಡಿ ಕೆಳಗೆ. ಕೂತೇ ಇದ್ದ. ಗೋಡೆಯ ಮೇಲೆ ಕಲಿತು ಹೋದ ಹುಡುಗರ ಫೋಟೋಗಳಿದ್ದವು, ಎಲ್ಲದರ ನಡುವೆ ಅವನು, ಎಲ್ಲದರಲ್ಲೂ ಅದೇ ನಗು.

ಬೆಳಕು ಕಂದುವ ಹೊತ್ತಿಗೆ ಪಾನ್ ಬಾಗಿಲು ತಟ್ಟಿದಳು. ಮಧ್ಯಾಹ್ನ ಊಟ ಮಾಡಿರಲಿಲ್ಲ ಅಂತ ಕಾಣುತ್ತದೆ, ಮುಖ ಬಾಡಿತ್ತು.

"ಮೇಷ್ಟ್ರೇ, ಒಂದು ಕೇಳ್ಲಾ? ಉಪ್ಪಿನ ವಿಷ್ಯ ನಿಮಗೆ ಯಾರು ಹೇಳಿದ್ದು?"

"ಅದು ಉದಾಹರಣೆ," ಅಂದ ಗು.

ಅವನು ಕನ್ನಡಕ ಒರೆಸಿದ. ಅಷ್ಟರಲ್ಲಿ ಅವಳ ಜೇಬಿನ ಫೋನು ಗುಂಯ್‌ಗುಟ್ಟಿತು: ಮಾ ದೊಡ್ಡಪ್ಪನಿಗೆ ಎಚ್ಚರ ಬಂದಿದೆ. ಇಬ್ಬರೂ ಇಳಿದು ಹೋದರು.

ಎಚ್ಚರದ ಕೋಣೆಯಲ್ಲಿ ಮುದುಕನ ಮುಖ ತೊಳೆದಿಟ್ಟ ಹಾಗಿತ್ತು. ವಾಸನೆ ಹೋಗಿತ್ತು. ಹೊದಿಕೆ ಬಲಗಡೆ ಪಾದದ ತನಕ ಉಬ್ಬಿ, ಎಡಗಡೆ ತೊಡೆಯ ಕೆಳಗೆ ಚಪ್ಪಟೆಯಾಗಿ ಮಲಗಿತ್ತು. ಗು ಮಂಚದ ಕಾಲ್ದೆಸೆಯಲ್ಲಿ ನಿಂತ. ಏನಾದರೂ ಹೇಳಬೇಕು ಅಂದುಕೊಂಡ. ಮುದುಕ ಬೈಯಲಿ, ಉಗಿಯಲಿ, ಉಪ್ಪು ಎಲ್ಲಿ ಅಂತಾದರೂ ಕೇಳಲಿ ಅಂತ ಕಾದ.

ಪಾನ್ ಬಗ್ಗಿ ಮೆಲ್ಲಗೆ, "ದೊಡ್ಡಪ್ಪ, ನಿಮ್ಮ ಹೆಸರು ಹೇಳ್ತೀರಾ?" ಅಂದಳು. ಈ ಸಲ ಅವಳು ಪರೀಕ್ಷೆಗಾಗಿ ಕೇಳುತ್ತಿರಲಿಲ್ಲ. ಬೇರೆಯ ಹೆಸರು ಬಂದೀತೆಂದು ಕಾಯುತ್ತಿದ್ದಳು. ಗುಗೆ ಅದು ತಿಳಿಯಿತು.

ಮುದುಕನ ಕಣ್ಣು ಅವಳನ್ನು ದಾಟಿ, ಕಾಲ್ದೆಸೆಯಲ್ಲಿ ನಿಂತವನ ಮೇಲೆ ನಿಂತಿತು. ಗುರುತು ಹಿಡಿದ ಹಾಗಿತ್ತು, ಆದರೆ ಯಾರೆಂದು ಗುರುತು ಹಿಡಿದನೋ. ಬಲಗೈ ಸಲಾಮಿಗೆ ಏಳಲು ನೋಡಿ, ಸೂಜಿಯ ನಳಿಕೆ ತಡೆದು ಅಲ್ಲೇ ಉಳಿಯಿತು.

"ಮಾ ದಶೆಂಗ್," ಅಂದ, ಹುಡುಗನ ಸಣ್ಣ ದನಿಯಲ್ಲಿ. "ಹಾಜರ್."

"ಹೆಸರಿಗೆ ಪೂರ್ತಿ ಅಂಕ," ಅಂದಳು ಅಲ್ಲಿದ್ದ ನರ್ಸು ಸಂತೋಷದಿಂದ.

ಹೊದಿಕೆಯ ಕೆಳಗೆ ಬಲಗಾಲು ಅಲ್ಲಾಡಿತು. ಹಿಮ್ಮಡಿ ಎಡಕ್ಕೆ ಸರಿದು, ಕವಾಯತಿನಲ್ಲಿ ಸಾವಧಾನ್ ಎಂದಾಗ ನಿಲ್ಲುವವನ ಹಾಗೆ ಜೋಡಿ ಹಿಮ್ಮಡಿಗೆ ಬಡಿಯಲು ಹೋಗಿ, ಖಾಲಿ ಹಾಸಿಗೆಗೆ ಬಡಿಯಿತು. ಹಿಂದಕ್ಕೆ ಬಂದು ಮತ್ತೆ ಸರಿಯಿತು, ಮತ್ತೆ ಬಡಿಯಿತು.